ಲೆಕ್ಕದ ಪುಸ್ತಕದ ಕಡೆಯ ಹಾಳೆ

ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರ ಬಾಲ್ಯದಲ್ಲಿಯೂ ಒಂದು ಲೆಕ್ಕದ ಪುಸ್ತಕವಿರುತ್ತದೆ. ಆ ಪುಸ್ತಕಕ್ಕೆ ಎರಡು ಮುಖ. ಮುಂದಿನ ಹಾಳೆಗಳು ಮೇಷ್ಟರ ಸೊತ್ತು. ಕಡೆಯ ಹಾಳೆ ಮಕ್ಕಳ ಸೊತ್ತು. ಮುಂದೆ ಗುಣಾಕಾರ ಭಾಗಾಕಾರಗಳೂ ಅವುಗಳ ಮೇಲೆ ಕೆಂಪು ಮಸಿಯ ಗೀಟುಗಳೂ ಸಾಲುಗಟ್ಟಿ ನಿಂತಿರುತ್ತವೆ. ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿದರೆ ಅಲ್ಲಿ ಬೇರೊಂದು ಪ್ರಪಂಚ: ಒಂದು ಆನೆ, ಒಂದು ದೋಣಿ, ಮೇಷ್ಟರ ಮೂಗು ಮತ್ತು ಕನ್ನಡಕ, ಚುಕ್ಕಿಯಿಟ್ಟು ಬರೆದ ರಂಗವಲ್ಲಿ. ಈ ಎರಡು ಪ್ರಪಂಚಗಳ ನಡುವೆ ಇರುವುದು ಕೆಲವು ಖಾಲಿ ಹಾಳೆಗಳು ಮಾತ್ರ. ಆದರೂ ಅವನ್ನು ದಾಟಿ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯುಂಟೆಂದು ಹೇಳಿಕೊಡುವವರು ಕಡಮೆ. ಹೇಳಿಕೊಡಬೇಕಾದವರಿಗೇ ಆ ದಾರಿ ತಿಳಿಯದಿದ್ದರೆ ಮಕ್ಕಳಿಗೆ ತಿಳಿಯುವುದೆಂತು?

ಒಂದು ಸಣ್ಣ ಊರಿನ ಶಾಲೆಯಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಕಲಿಸುತ್ತಿದ್ದ ಮೇಷ್ಟರೊಬ್ಬರಿಗೆ ಈ ದಾರಿ ಕಂಡುದು ಅವರ ಉದ್ಯೋಗದ 28ನೆಯ ವರ್ಷದಲ್ಲಿ. ಅವರನ್ನು ಕೆಟ್ಟ ಉಪಾಧ್ಯಾಯರೆಂದು ಯಾರೂ ಹೇಳುವಂತಿರಲಿಲ್ಲ. ಗಂಟೆ ಹೊಡೆಯುವುದಕ್ಕೆ ಮೊದಲೇ ಅವರು ತರಗತಿಯ ಬಾಗಿಲಲ್ಲಿ ಇರುತ್ತಿದ್ದರು. ಕರಿಹಲಗೆಯ ಮೇಲೆ ಬರಿಗೈಯಿಂದ ಅವರೆಳೆದ ವೃತ್ತವನ್ನು ಕಂಡರೆ ಕೈವಾರವೂ ತಲೆದೂಗಬೇಕು. ಪರೀಕ್ಷೆಯಲ್ಲಿ ಅವರ ಶಿಷ್ಯರು ಸಾಮಾನ್ಯವಾಗಿ ತೇರ್ಗಡೆಯಾಗುತ್ತಿದ್ದರು. ಇಷ್ಟೆಲ್ಲ ಇದ್ದರೂ, ರಾತ್ರಿ ದೀಪವಾರಿಸಿ ಮಲಗಿದ ಮೇಲೆ, ಕಾಗದ ಹರಿದ ಒಂದು ಸದ್ದು ಅವರ ಕಿವಿಯಲ್ಲಿ ಆಗಾಗ ಕೇಳುತ್ತಿದ್ದಿತು.

ಅದು ನಡೆದು ಬಹಳ ವರ್ಷಗಳಾಗಿದ್ದುವು. ಏಳನೆಯ ತರಗತಿಯಲ್ಲಿ ತ್ರಿಕೋಣದ ಪಾಠ ನಡೆಯುತ್ತಿರುವಾಗ ಹುಡುಗಿಯೊಬ್ಬಳು ಪುಸ್ತಕದ ಕಡೆಯ ಹಾಳೆಯಲ್ಲಿ ರಂಗವಲ್ಲಿಯನ್ನು ಬರೆಯುತ್ತ ಕುಳಿತಿದ್ದಳು. ಮೇಷ್ಟರು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಆ ಹಾಳೆಯನ್ನು ತರಗತಿಗೆಲ್ಲ ತೋರಿಸಿ, "ಇದೇನಮ್ಮ, ಲೆಕ್ಕದ ಪುಸ್ತಕವೋ, ನಿಮ್ಮ ಮನೆಯ ಅಂಗಳವೋ?" ಎಂದು ಕೇಳಿದರು. ಮಕ್ಕಳು ನಕ್ಕರು. ಮೇಷ್ಟರು ಹಾಳೆಯನ್ನು ಹರಿದು ಎರಡು ಮಾಡಿ ಮೇಜಿನ ಮೇಲಿಟ್ಟು ಪಾಠವನ್ನು ಮುಂದುವರಿಸಿದರು. ಹುಡುಗಿ ಅಳಲಿಲ್ಲ. ಮಾರನೆಯ ವರ್ಷ ಅವಳು ಶಾಲೆಗೆ ಬರಲೂ ಇಲ್ಲ. ಬಾರದಿದ್ದುದಕ್ಕೆ ಕಾರಣಗಳು ಹಲವಿದ್ದುವು: ಮನೆಯಲ್ಲಿ ಬಡತನ, ಕೂಲಿಗೆ ಹೋಗುವ ತಾಯಿ, ಎತ್ತಿಕೊಂಡಿರಬೇಕಾದ ತಮ್ಮ. ಹರಿದ ಹಾಳೆಯೇ ಕಾರಣವೆಂದು ಯಾರೂ ಹೇಳಲಿಲ್ಲ. ಅದು ಕಾರಣವಲ್ಲವೆಂದೂ ಯಾರೂ ಹೇಳಲಿಲ್ಲ.

ಹೀಗಿರಲು, ಗಣಿತ ವಿಜ್ಞಾನಗಳನ್ನು ಚಿತ್ರಕಲೆ ಮತ್ತು ವಿನ್ಯಾಸಗಳ ಮೂಲಕ ಬೋಧಿಸುವ ಬಗೆಯನ್ನು ಕಲಿಯಲು ಐದು ದಿನಗಳ ತರಬೇತಿಗೆ ಬರತಕ್ಕದ್ದೆಂದು ಜಿಲ್ಲೆಯ ಮುಖ್ಯಸ್ಥಳದಿಂದ ಮೇಷ್ಟರಿಗೆ ಅಪ್ಪಣೆ ಬಂದಿತು. ಮೇಷ್ಟರಿಗೆ ಸಂತೋಷವಾಗಲಿಲ್ಲ. "ಈ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸುವುದೊಂದು ಬಾಕಿಯಿತ್ತು" ಎಂದು ಹೆಂಡತಿಯೊಡನೆ ಗೊಣಗಿದರು. ಆಕೆ ಚಕ್ಕುಲಿಯ ಡಬ್ಬಿಯನ್ನು ಚೀಲದಲ್ಲಿಡುತ್ತ, "ಹೋಗಿ ಬನ್ನಿ. ಕತ್ತರಿಸುವುದು ನಿಮಗೆ ಬಾರದಿದ್ದರೆ ಕಲಿತೇ ಬನ್ನಿ" ಎಂದಳು.

ತರಬೇತಿಯನ್ನು ನಡೆಸಲು ಬಂದಿದ್ದವಳು ವಿನ್ಯಾಸಕಲೆಯನ್ನು ಓದಿದ ಒಬ್ಬ ತರುಣಿ. ಮೇಷ್ಟರ ಮಗಳ ವಯಸ್ಸಿನವಳು. ಅವಳು ಮೊದಲನೆಯ ದಿನ ಉಪನ್ಯಾಸ ಮಾಡಲಿಲ್ಲ. ಬಂದಿದ್ದ 30 ಮಂದಿ ಉಪಾಧ್ಯಾಯರಿಗೂ ಒಂದೊಂದು ಬಿಳಿಯ ಕಾಗದವನ್ನು ಕೊಟ್ಟು, "ದಾಸವಾಳದ ಹೂವನ್ನು ನೆನಪಿನಿಂದ ಬರೆಯಿರಿ" ಎಂದಳು. ದಾಸವಾಳವನ್ನು ಕಾಣದವರು ಯಾರು? ದಿನವೂ ದೇವರ ಪಟಕ್ಕೆ ಏರುವ ಹೂವು. ಹೂವಿನ ಭಾಗಗಳನ್ನು ಕಲಿಸುವಾಗ ವಿಜ್ಞಾನದ ಮೇಷ್ಟರಿಗೆಲ್ಲ ಅದೇ ಆಧಾರ. ಎಲ್ಲರೂ ಐದು ನಿಮಿಷದಲ್ಲಿ ಬರೆದು ಮುಗಿಸಿದರು. ಆಮೇಲೆ ಅವಳು ಒಬ್ಬೊಬ್ಬರ ಮುಂದೆಯೂ ಐದೆಸಳಿನ ಒಂದೊಂದು ಕೆಂಪು ದಾಸವಾಳವನ್ನಿಟ್ಟು, "ಈಗ ನೋಡಿ ಬರೆಯಿರಿ" ಎಂದಳು. ಇದಕ್ಕೆ ಒಂದು ಗಂಟೆ ಸಾಲದೆ ಹೋಯಿತು.

ನಮ್ಮ ಮೇಷ್ಟರ ಮೊದಲ ಚಿತ್ರದಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಎಸಳು ಪೂರ್ತಿಯಾಗಿ ಕಾಣುತ್ತಿದ್ದಿತು. ಉಳಿದ ನಾಲ್ಕು ಅದರ ಹಿಂದೆ ಅಡಗಿದ್ದುವು. ಹೂವಿನಲ್ಲಾದರೋ ಹಾಗಿರಲಿಲ್ಲ. ಪ್ರತಿಯೊಂದು ಎಸಳೂ ಒಂದು ಪಕ್ಕದಲ್ಲಿ ನೆರೆಯ ಎಸಳನ್ನು ಮುಚ್ಚಿ, ಇನ್ನೊಂದು ಪಕ್ಕದಲ್ಲಿ ಮತ್ತೊಂದು ನೆರೆಯ ಎಸಳಿನಿಂದ ತಾನೇ ಮುಚ್ಚಲ್ಪಟ್ಟಿದ್ದಿತು. ಐದೂ ಹೀಗೆ ಒಂದನ್ನೊಂದು ಅಪ್ಪಿ ಸುತ್ತು ಬಂದಿದ್ದುವು. ಯಾವುದೂ ಎಲ್ಲಕ್ಕಿಂತ ಮೇಲಿರಲಿಲ್ಲ, ಯಾವುದೂ ಎಲ್ಲಕ್ಕಿಂತ ಕೆಳಗಿರಲಿಲ್ಲ. ನಡುವಿನ ಕಡ್ಡಿಯನ್ನು ಬರೆಯುವಾಗ ಇನ್ನೊಂದು ಸಂಗತಿ ಕಂಡುಬಂದಿತು. ಕೇಸರಗಳೆಲ್ಲ ಒಂದಾಗಿ ಕೂಡಿ ಕೊಳವೆಯಾಗಿವೆ. ಆ ಕೊಳವೆಯ ಒಳಗಿನಿಂದ ಶಲಾಕೆ ಹೊರಟು, ತುದಿಯಲ್ಲಿ ಐದು ಕವಲಾಗಿ, ಐದು ಸಣ್ಣ ಮಖಮಲ್ಲಿನ ಗುಂಡುಗಳನ್ನು ಹೊತ್ತಿದೆ. ಈ ಮಾತುಗಳನ್ನು ಮೇಷ್ಟರು 28 ವರ್ಷ ಬರೆಯಿಸಿದ್ದರು. ಬರೆಯಿಸಿದ್ದುದು ಕಣ್ಣಿಗೆ ಬಿದ್ದುದು ಅಂದೇ ಮೊದಲು. ಚಿತ್ರ ಅಂದವಾಗಿ ಬರಲಿಲ್ಲ. ಬರಬೇಕೆಂದು ಆ ತರುಣಿಯೂ ಕೇಳಲಿಲ್ಲ. "ಚೆನ್ನಾಗಿ ಬರೆಯುವುದು ನಮ್ಮ ಕೆಲಸವಲ್ಲ, ಸಾರ್. ಎಲ್ಲಿ ಕೈ ನಿಂತುಹೋಯಿತೋ ಅಲ್ಲಿ ಕಣ್ಣು ಸರಿಯಾಗಿ ನೋಡಿಲ್ಲವೆಂದು ಅರ್ಥ. ಅಲ್ಲಿ ಇನ್ನೊಮ್ಮೆ ನೋಡಿದರೆ ಸಾಕು" ಎಂದಳು.

ಎರಡನೆಯ ದಿನ ಕಾಗದವನ್ನು ಮಡಿಸುವ ಕೆಲಸ. ಪ್ರತಿಯೊಬ್ಬರೂ ತಮಗೆ ತೋರಿದ ಆಕಾರದ ಒಂದು ತ್ರಿಕೋಣವನ್ನು ಕತ್ತರಿಸಿಕೊಂಡರು. ಅದರ ಅತ್ಯಂತ ಉದ್ದವಾದ ಭುಜವನ್ನು ತಳವಾಗಿ ಇರಿಸಿ, ಮಡಿಕೆಯ ಗೆರೆ ತಳಕ್ಕೆ ಸಮಾನಾಂತರವಾಗಿರುವಂತೆ, ಮೇಲಿನ ತುದಿಯನ್ನು ತಳಕ್ಕೆ ಮುಟ್ಟಿಸಬೇಕು. ಆಮೇಲೆ ಎಡಬಲದ ತುದಿಗಳನ್ನು ಒಳಕ್ಕೆ ಮಡಿಸಿ ಅದೇ ಬಿಂದುವಿಗೆ ತರಬೇಕು. ಹಾಗೆ ಮಾಡಿದಾಗ ಮೂರು ಕೋನಗಳೂ ಒಂದರ ಪಕ್ಕದಲ್ಲೊಂದು ಸೇರಿ, ನಡುವೆ ಸಂದಿಲ್ಲದೆ, ತಳದ ಸರಳರೇಖೆಯನ್ನು ತುಂಬಿಬಿಟ್ಟುವು. ತ್ರಿಕೋಣದ ಮೂರು ಕೋನಗಳ ಮೊತ್ತ 180 ಅಂಶವೆಂಬುದು ಅಂಗೈಯಲ್ಲಿ ಕುಳಿತಿದ್ದಿತು. ಕೈಯಲ್ಲುಳಿದುದು ಎರಡು ಪದರದ ಒಂದು ಆಯತ. ಅದರ ಉದ್ದ ತಳದ ಅರ್ಧ, ಅಗಲ ಎತ್ತರದ ಅರ್ಧ. ಎಂದಮೇಲೆ ತ್ರಿಕೋಣದ ಕ್ಷೇತ್ರಫಲವೇಕೆ ತಳ ಮತ್ತು ಎತ್ತರಗಳ ಗುಣಲಬ್ಧದ ಅರ್ಧವೆಂಬುದಕ್ಕೂ ಅದೇ ಮಡಿಕೆ ಉತ್ತರ ಹೇಳಿತು.

ಮೇಷ್ಟರು ಸುಮ್ಮನಿರುವವರಲ್ಲ. "ಇದು ತೋರಿಸಿದಂತಾಯಿತಮ್ಮ, ಸಾಧಿಸಿದಂತಾಗಲಿಲ್ಲ. 30 ಕಾಗದಗಳಲ್ಲಿ ಸರಿಹೋದುದು ಎಲ್ಲ ತ್ರಿಕೋಣಗಳಲ್ಲಿಯೂ ಸರಿಹೋಗುವುದೆಂದು ಹೇಗೆ ಹೇಳುತ್ತೀ?" ಎಂದು ಕೇಳಿದರು. ತರುಣಿಯ ಮುಖವರಳಿತು. "ಈ ಪ್ರಶ್ನೆ ಬರಲೆಂದೇ ಮಡಿಸಿದ್ದು. ಕರಿಹಲಗೆಯ ಮೇಲೆ ಪ್ರಮೇಯವನ್ನು ಬರೆದಾಗ ಯಾವ ಹುಡುಗನಾದರೂ ಹೀಗೆ ಕೇಳಿದ್ದುಂಟೇ, ಸಾರ್?" ಎಂದಳು. ಮೇಷ್ಟರು ಯೋಚಿಸಿ, ಇಲ್ಲವೆಂದು ತಲೆಯಾಡಿಸಿದರು. ಬಳಿಕ ಅವರೇ ಎದ್ದು ಹೋಗಿ, ಆ ಮಡಿಕೆಯು ಎರಡು ಭುಜಗಳನ್ನೂ ಸರಿಯಾಗಿ ಅರ್ಧಿಸುವುದೆಂದೂ, ಅದರಿಂದ ಎಡಬಲಗಳಲ್ಲಿ ಎರಡು ಸಮದ್ವಿಬಾಹು ತ್ರಿಕೋಣಗಳು ಹುಟ್ಟುವುವೆಂದೂ, ಆದಕಾರಣ ಮೂರು ತುದಿಗಳೂ ಒಂದೇ ಬಿಂದುವಿನಲ್ಲಿ ಸೇರಲೇಬೇಕೆಂದೂ ಸಾಧಿಸಿ ತೋರಿಸಿದರು. ಪ್ರಮೇಯ ಹಳೆಯದೇ, ಅದಕ್ಕೆ ಹಸಿವು ಹುಟ್ಟಿಸಿದ ರೀತಿ ಮಾತ್ರ ಹೊಸದು.

ಹೊಸದು ಎಂಬುದೂ ಪೂರ್ತಿಯಾಗಿ ಸರಿಯಲ್ಲವೆಂಬುದು ಅಂದಿನ ಸಂಜೆ ತಿಳಿಯಿತು. ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣವೇತ್ತನು ಬರ್ಲಿನಿನ ಖನಿಜಸಂಗ್ರಹಾಲಯದಲ್ಲಿ ಸ್ಫಟಿಕಗಳನ್ನು ಜೋಡಿಸುವ ಕೆಲಸದಲ್ಲಿದ್ದವನು. ಕಲ್ಲಿನೊಳಗೂ ಆಕಾರದ ನಿಯಮವಿರುವುದನ್ನು ಕಂಡ ಅವನಿಗೆ, ಮಗುವಿನ ಆಟದಲ್ಲಿಯೂ ಅದೇ ನಿಯಮವು ಕೈಗೆ ಸಿಕ್ಕಬೇಕೆಂದು ತೋರಿತು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಅವನು ಪ್ರಾರಂಭಿಸಿದ ಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಎಂದರೆ ಮಕ್ಕಳ ತೋಟ, ಎಂಬ ಹೆಸರು ಬಂದಿತು. ಉಣ್ಣೆಯ ಚೆಂಡುಗಳು, ಮರದ ಗೋಳ, ಘನ, ಕಂಬ, ಎಂಟು ಸಣ್ಣ ಘನಗಳಾಗಿ ಬಿಡಿಸಬಹುದಾದ ಒಂದು ದೊಡ್ಡ ಘನ, ಹೆಣೆಯುವ ಮಡಿಸುವ ಕಾಗದ, ಇವೇ ಅಲ್ಲಿಯ ಪಠ್ಯಪುಸ್ತಕಗಳು. ಇವುಗಳನ್ನು ಮಕ್ಕಳ ಕೈಗೆ ಕೊಡುವ ಬಗೆಯನ್ನು ತಾನೊಬ್ಬನೇ ಬಲ್ಲವನಾಗಿದ್ದರೆ ಸಾಲದೆಂದು ಅರಿತು, ಅವನು ತರುಣಿಯರನ್ನು ಈ ಕಾರ್ಯಕ್ಕೆ ತರಬೇತು ಮಾಡಿದನು. ಪ್ರಷ್ಯದ ಸರ್ಕಾರವು 1851ರಲ್ಲಿ ಈ ಶಾಲೆಗಳನ್ನು ನಿಷೇಧಿಸಿತು. ಮಾರನೆಯ ವರ್ಷ ಅವನು ತೀರಿಕೊಂಡನು. 1860ರಲ್ಲಿ ನಿಷೇಧ ತೆಗೆಯಲ್ಪಟ್ಟಿತು. ಅಷ್ಟರೊಳಗೆ ಅವನಿಂದ ಕಲಿತವರು ಆ ವಿದ್ಯೆಯನ್ನು ಹೊರದೇಶಗಳಿಗೆ ಕೊಂಡೊಯ್ದಿದ್ದರು. ಶಾಲೆಯನ್ನು ಮುಚ್ಚಬಹುದು, ಕಲಿತ ಉಪಾಧ್ಯಾಯರ ಕೈಗಳನ್ನು ಮುಚ್ಚುವುದು ಕಷ್ಟ.

ಆ ಮಡಿಸುವ ಕಾಗದವು ನಮ್ಮ ನಾಡಿನ ಕಡೆಗೂ ಬಂದಿತು. ಮದರಾಸು ಪ್ರಾಂತದಲ್ಲಿದ್ದ ಟಿ. ಸುಂದರರಾವ್ ಎಂಬವರು, ಕಿಂಡರ್‌ಗಾರ್ಟನಿನ ಈ ಆಟದಿಂದ ಸೂಚನೆ ಪಡೆದು, ಕಾಗದದ ಮಡಿಕೆಯಿಂದಲೇ ರೇಖಾಗಣಿತವನ್ನು ಸಾಧಿಸುವ ಒಂದು ಇಂಗ್ಲಿಷ್ ಪುಸ್ತಕವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಕೈವಾರವಿಲ್ಲ, ಅಳತೆಪಟ್ಟಿಯಿಲ್ಲ, ಒಂದು ಚೌಕ ಕಾಗದ ಮತ್ತು ಹತ್ತು ಬೆರಳು. ಜರ್ಮನಿಯ ಪ್ರಸಿದ್ಧ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಗ್ರಂಥದಲ್ಲಿ ಅದನ್ನು ಹೆಸರಿಸಿದರು. ಅದನ್ನು ನೋಡಿ ಅಮೆರಿಕದ ಇಬ್ಬರು ಗಣಿತದ ಪ್ರಾಧ್ಯಾಪಕರು 1901ರಲ್ಲಿ ಷಿಕಾಗೋ ನಗರದಲ್ಲಿ ಅದನ್ನು ಮತ್ತೆ ಅಚ್ಚುಹಾಕಿಸಿದರು. ಕಾಗದ ಮಡಿಸುವುದು ಮಕ್ಕಳಾಟವೆನ್ನುವವರು ಇನ್ನೊಂದನ್ನೂ ನೆನೆಯಬೇಕು. ಯಾವ ಕೋನವನ್ನು ಕೊಟ್ಟರೂ ಅದನ್ನು ಬರಿಯ ಕೈವಾರ ಮತ್ತು ಗೆರೆಪಟ್ಟಿಗಳಿಂದ ಮೂರು ಸಮಭಾಗ ಮಾಡಬಲ್ಲ ಸಾಮಾನ್ಯ ವಿಧಾನ ಇರಲಾರದೆಂದು 1837ರಲ್ಲಿ ಸಿದ್ಧವಾಗಿತ್ತು. ಆ ಕೆಲಸವನ್ನು ಕಾಗದದ ಮಡಿಕೆ ಮಾಡಬಲ್ಲದು.

ಹೀಗೆ ನೋಡಿದರೆ ಕೈಯಿಂದ ಬುದ್ಧಿಗೆ ಹೋಗುವ ಮಾತು ಹಳೆಯದೇ. ಫ್ರೋಬೆಲನ ಶಾಲೆಯಾಗಿ ನೂರು ವರ್ಷಕ್ಕೆ, 1937ರಲ್ಲಿ, ವಾರ್ಧಾದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ಶಿಕ್ಷಣವೆಂದರು. 2020ರ ರಾಷ್ಟ್ರೀಯ ಶಿಕ್ಷಣನೀತಿಯು ಕಲೆಯನ್ನು ಎಲ್ಲ ವಿಷಯಗಳ ಬೋಧನೆಯೊಡನೆ ಬೆಸೆಯಬೇಕೆಂದಿತು. ಹೇಳಿಕೆಗೆ ಕೊರತೆಯಿಲ್ಲ. ಹೇಳಿಕೆ ತರಗತಿಯ ಬಾಗಿಲನ್ನು ದಾಟುವುದು ಮಾತ್ರ ಒಬ್ಬ ಉಪಾಧ್ಯಾಯನ ಬೆರಳುಗಳ ಮೂಲಕವೇ.

ಮೂರನೆಯ ದಿನ ತರುಣಿಯು ಕರಿಹಲಗೆಯ ಮೇಲೆ ಚುಕ್ಕಿಗಳನ್ನಿಟ್ಟಳು. ನಡುವಿನ ಸಾಲಿನಲ್ಲಿ ಏಳು. ಮೇಲೆ ಕೆಳಗೆ ಒಂದೊಂದು ಕಡಮೆಯಾಗುತ್ತ, ಸಂದು ಸಂದಿನಲ್ಲಿ, ನಾಲ್ಕರವರೆಗೆ. ಹೆಂಗಸರು ಏಳರಿಂದ ನಾಲ್ಕು ಎಂದು ಹೇಳುವ ಚುಕ್ಕಿಯ ಲೆಕ್ಕ ಅದು. "ಇದರಲ್ಲಿ ಗಣಿತವೆಲ್ಲಿದೆ, ಹುಡುಕಿರಿ" ಎಂದಳು. ಉಳಿದವರು ಎಣಿಸತೊಡಗಿದರು. ನಮ್ಮ ಮೇಷ್ಟರಿಗೆ ಎಣಿಸಲಾಗಲಿಲ್ಲ. ಆ ಚುಕ್ಕಿಗಳನ್ನು ಅವರು ಹಿಂದೊಮ್ಮೆ ಕಂಡಿದ್ದರು. ರೂಲಿನ ಗೆರೆಗಳ ಮೇಲೆ, ಪೆನ್ಸಿಲಿನಲ್ಲಿ. ಅವರು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದರು. ಬಿಸಿಲು ಹೆಚ್ಚೆಂದು ಪಕ್ಕದವರಿಗೆ ಹೇಳಿದರು.

ತರಬೇತಿ ಮುಗಿಸಿ ಊರಿಗೆ ಬಂದ ಮಾರನೆಯ ಬೆಳಗ್ಗೆ ಮೇಷ್ಟರು ಬಾಗಿಲಲ್ಲಿ ನಿಂತು ಹೆಂಡತಿಯು ರಂಗವಲ್ಲಿಯಿಡುವುದನ್ನು ನೋಡುತ್ತಿದ್ದರು. ಇಷ್ಟು ವರ್ಷ ಅವರು ಅದನ್ನು ದಾಟಿದ್ದರೇ ಹೊರತು ನೋಡಿರಲಿಲ್ಲ.

"ಏಳರಿಂದ ನಾಲ್ಕಕ್ಕೆ ಒಟ್ಟು ಎಷ್ಟು ಚುಕ್ಕಿ, ಗೊತ್ತೇ?" ಎಂದು ಕೇಳಿದರು.

"ಮೂವತ್ತೇಳು" ಎಂದಳು ಆಕೆ, ತಲೆಯೆತ್ತದೆ.

"ಸಾಲು ಸಾಲಾಗಿ ಕೂಡಿದೆಯಾ?"

"ಸಾಲು ಏಕೆ? ನಡುವೆ ಒಂದು, ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು, ಆಮೇಲೆ ಹದಿನೆಂಟು. ಇನ್ನೊಂದು ಸುತ್ತು ಬೇಕಾದರೆ ಇಪ್ಪತ್ತನಾಲ್ಕು. ನಿಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟರೇನು?"

ಮೇಷ್ಟರು ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಕಾಗದದ ಮೇಲೆ ಬರೆದು ನೋಡಿದರು. ಒಂದು ಚುಕ್ಕಿ, ಒಂದು ಸುತ್ತು ಸೇರಿದರೆ 7, ಎರಡು ಸೇರಿದರೆ 19, ಮೂರು ಸೇರಿದರೆ 37. ಈ ನಾಲ್ಕನ್ನೂ ಕೂಡಿದರೆ 64. ಅದು ನಾಲ್ಕರ ಘನ! ಮೊದಲ ಎರಡನ್ನು ಕೂಡಿದರೆ 8, ಮೂರನ್ನು ಕೂಡಿದರೆ 27. ಫ್ರೋಬೆಲನ ಎಂಟು ಮರದ ಘನಗಳು ಅವರ ನೆನಪಿಗೆ ಬಂದುವು. ಆ ದೊಡ್ಡ ಘನವನ್ನು ಒಂದು ಮೂಲೆಯ ಕಡೆಯಿಂದ ನೋಡಿದರೆ ಕಾಣುವುದು ಏಳು. ಎಂಟನೆಯದು ಹಿಂದೆ ಅಡಗಿರುತ್ತದೆ. ಹಾಗೆ ನೋಡಿದಾಗ ಘನದ ಹೊರರೇಖೆ ಆರು ಮೂಲೆಯ ರಂಗವಲ್ಲಿಯ ಹೊರರೇಖೆಯೇ. ಅವರು ಬಡಗಿಯಿಂದ 64 ಸಣ್ಣ ಘನಗಳನ್ನು ಕೊಯ್ಯಿಸಿ ತಂದು ಪರೀಕ್ಷಿಸಿದರು. ಮೂಲೆಯಿಂದ ಕಾಣುವ 37ನ್ನು ತೆಗೆದರೆ ಮೂರರ ಘನ ಉಳಿಯಿತು. ಅದರಲ್ಲಿ ಕಾಣುವ 19ನ್ನು ತೆಗೆದರೆ ಎರಡರ ಘನ. ಅದರಲ್ಲಿ 7ನ್ನು ತೆಗೆದರೆ ಒಂದು. ಅಂಗಳದ ಚುಕ್ಕಿಯು ಮೇಜಿನ ಮೇಲೆ ಎದ್ದುನಿಂತಿದ್ದಿತು.

ಆದರೆ ತಿಳಿದುದನ್ನು ತಿಳಿಸುವುದರಲ್ಲಿ ಮೇಷ್ಟರು ಮೊದಲು ಎಡವಿದರು. ದೊಡ್ಡ ರಟ್ಟಿನ ಮೇಲೆ ಬಣ್ಣಬಣ್ಣದ ತ್ರಿಕೋಣಗಳನ್ನು ತಾವೇ ಮಡಿಸಿ ಅಂಟಿಸಿ, ಅಂಚಿಗೆ ಬಳ್ಳಿಯನ್ನು ಬರೆದು, ಗೋಡೆಗೆ ತೂಗುಹಾಕಿದರು. ಮುಖ್ಯೋಪಾಧ್ಯಾಯರು ಬಂದು ಹೊಗಳಿದರು. ನೋಡಲು ಬಂದ ಅಧಿಕಾರಿಗಳು ಅದರ ಛಾಯಾಚಿತ್ರವನ್ನು ತೆಗೆದುಕೊಂಡರು. ಮಕ್ಕಳು ಮಾತ್ರ ಕರಿಹಲಗೆಯನ್ನು ಎಷ್ಟು ದೂರದಿಂದ ನೋಡುತ್ತಿದ್ದರೋ ಅಷ್ಟೇ ದೂರದಿಂದ ಅದನ್ನೂ ನೋಡಿದರು. ಒಂದು ವಾರದ ಮೇಲೆ ಮೇಷ್ಟರಿಗೆ ತಮ್ಮ ತಪ್ಪು ಹೊಳೆಯಿತು. ಮಡಿಸಿದ ಬೆರಳು ಅವರದು, ಸಂತೋಷವೂ ಅವರದೇ. ಮಕ್ಕಳಿಗೆ ಉಳಿದುದು ಅಲಂಕಾರ ಮಾತ್ರ. ಪಾಠಕ್ಕೆ ಬಣ್ಣ ಬಳಿಯುವುದು ಬೇರೆ, ಬಣ್ಣದಿಂದ ಪಾಠ ಹುಟ್ಟುವುದು ಬೇರೆ.

ಅವರು ರಟ್ಟನ್ನು ಇಳಿಸಿ, ಹಳೆಯ ವೃತ್ತಪತ್ರಿಕೆಗಳನ್ನು ಹಂಚಿದರು. ಮಕ್ಕಳು ತಮತಮಗೆ ಬೇಕಾದಂತೆ ತ್ರಿಕೋಣಗಳನ್ನು ಕತ್ತರಿಸಿದರು, ಮಡಿಸಿದರು. ಕಡೆಯ ಸಾಲಿನ ಹುಡುಗನೊಬ್ಬನ ಮಡಿಕೆ ಮಾತ್ರ ಸೇರಲಿಲ್ಲ. ಅವನು ಅಂಜುತ್ತ ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟನು. ಹಿಂದಿನ ಮೇಷ್ಟರಾಗಿದ್ದರೆ ಕೆಂಪು ಗೀಟೊಂದು ಬೀಳಬೇಕಾಗಿತ್ತು.

"ತುದಿ ಎಲ್ಲಿಗೆ ಬಂತಪ್ಪ?" ಎಂದು ಕೇಳಿದರು.

"ಕಾಗದದ ಆಚೆಗೆ ಹೋಗುತ್ತದೆ, ಸಾರ್."

ಅವನ ತ್ರಿಕೋಣದ ಒಂದು ಕೋನ ಬಲು ಅಗಲವಾಗಿದ್ದಿತು. ಅವನು ಚಿಕ್ಕ ಭುಜವನ್ನು ತಳಮಾಡಿಕೊಂಡಿದ್ದನು. ಮೇಲಿನ ತುದಿಯಿಂದ ಇಳಿದ ಲಂಬವು ತಳದ ಮೇಲೆ ಬೀಳದೆ ಹೊರಗೆ ಬೀಳುತ್ತಿದ್ದಿತು. ಮೇಷ್ಟರು ಆ ಕಾಗದವನ್ನು ಎತ್ತಿ ತರಗತಿಗೆಲ್ಲ ತೋರಿಸಿದರು. ಹಾಗೆ ತೋರಿಸುವಾಗ ಅವರ ಕೈ ಸ್ವಲ್ಪ ನಡುಗಿತು. "ಇವನು ಒಂದು ಹೊಸ ವಿಷಯವನ್ನು ಕಂಡುಹಿಡಿದಿದ್ದಾನೆ. ಎಲ್ಲ ಭುಜವೂ ತಳವಾಗಲಾರದಂತೆ. ಏಕೆ?" ಎಂದರು. ಯಾರೂ ನಗಲಿಲ್ಲ. ಮುಂದಿನ ಸಾಲಿನಿಂದ ಒಬ್ಬಳು ಎದ್ದು ಬಂದು, "ತಿರುಗಿಸೋ, ಉದ್ದದ್ದನ್ನು ಕೆಳಗೆ ಮಾಡು" ಎಂದಳು. ಅವನು ತಿರುಗಿಸಿ ಮಡಿಸಿದನು. ಮೂರು ತುದಿಗಳೂ ಬಂದು ಸೇರಿದುವು. ಅಂದು ಗಂಟೆ ಹೊಡೆದುದು ಯಾರಿಗೂ ಕೇಳಿಸಲಿಲ್ಲ.

ಇದರಿಂದ ಎಲ್ಲ ಮಕ್ಕಳೂ ಗಣಿತದಲ್ಲಿ ಪ್ರವೀಣರಾದರೆಂದು ಹೇಳಿದರೆ ಸುಳ್ಳಾದೀತು. ಮಗ್ಗಿಯನ್ನು ಬಾಯಿಪಾಠ ಮಾಡಲೇಬೇಕು. ಮಡಿಕೆಯಿಂದ ಭಾಗಾಕಾರ ಬಾರದು. ಪಾಠಗಳು ಮುಗಿಯದೆ ಪರೀಕ್ಷೆ ಹತ್ತಿರ ಬಂದಾಗ ಕಾಗದ ಕತ್ತರಿಗಳು ಬೀರುವಿಗೆ ಹಿಂದಿರುಗುವುದೂ ಉಂಟು. ಆದರೆ ಮೇಷ್ಟರ ತರಗತಿಯಲ್ಲಿ ಒಂದು ನಿಯಮ ಹೊಸದಾಗಿ ಬಂದಿತು. ಲೆಕ್ಕದ ಪುಸ್ತಕದ ಕಡೆಯ ಹಾಳೆಯ ಮೇಲೆ ಕೆಂಪು ಮಸಿ ಬೀಳಕೂಡದು. ಶನಿವಾರ ಪುಸ್ತಕಗಳನ್ನು ಹಿಂದಿನಿಂದ ತೆರೆಯಬೇಕು. ಯಾರು ಏನು ಬರೆದಿದ್ದರೂ ಅದರಲ್ಲಿ ಗಣಿತವೆಲ್ಲಿದೆಯೆಂದು ಎಲ್ಲರೂ ಸೇರಿ ಹುಡುಕಬೇಕು. ದೋಣಿಯಲ್ಲಿ ಕೋನಗಳು ಸಿಕ್ಕಿದುವು. ಆನೆಯ ಕಾಲು ಅದರ ಮೈಗೆ ಸಾಕಷ್ಟು ದಪ್ಪವಾಗಿದೆಯೇ ಎಂಬ ಚರ್ಚೆ ಎರಡು ಶನಿವಾರ ನಡೆಯಿತು. ಮೇಷ್ಟರ ಮೂಗಿನಲ್ಲಿಯೂ ಒಂದು ತ್ರಿಕೋಣ ದೊರೆಯಿತಂತೆ.

ಉಪಾಧ್ಯಾಯರ ತರಬೇತಿಯೆಂದರೆ ಹೊಸ ಉಪಕರಣವನ್ನು ಬಳಸಲು ಕಲಿಯುವುದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆ ಐದು ದಿನಗಳಲ್ಲಿ ಮೇಷ್ಟರು ಕಲಿತುದು ಉಪಕರಣವನ್ನಲ್ಲ. ಬಲ್ಲೆನೆಂದುಕೊಂಡ ಹೂವನ್ನು ಮತ್ತೆ ನೋಡುವುದನ್ನು, ತಪ್ಪಿದ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸುವುದನ್ನು. ಕಾಗದಕ್ಕೆ ಈ ಒಂದು ಗುಣವುಂಟು: ತಪ್ಪಾಗಿ ಮಡಿಸಿದರೆ ಗುರುತು ಉಳಿಯುತ್ತದೆ, ಆದರೆ ತಿರುಗಿ ಮಡಿಸಲು ಅಡ್ಡಿಯಿಲ್ಲ. ಹರಿದ ಕಾಗದಕ್ಕೆ ಆ ಗುಣವಿಲ್ಲ.

ಆ ಹುಡುಗಿಯು ಮದುವೆಯಾಗಿ ಬೇರೊಂದು ಊರಿಗೆ ಹೋದಳೆಂದು ಮಾತ್ರ ಕೇಳಿಬಂದಿತ್ತು. ಅವಳೂ ಈಗ ಯಾವುದೋ ಬಾಗಿಲಲ್ಲಿ ಬೆಳಗಿನ ಹೊತ್ತು ಬಗ್ಗಿ ಚುಕ್ಕಿಯಿಡುತ್ತಿರಬಹುದು. ಅಂದು ಅವಳ ಹಾಳೆಯಲ್ಲಿದ್ದ ಚುಕ್ಕಿಗಳು ಮೂವತ್ತೇಳೋ, ಅಲ್ಲ ಹತ್ತೊಂಬತ್ತೋ, ಮೇಷ್ಟರಿಗೆ ನೆನಪಾಗದು. ಗಣಿತದ ಮೇಷ್ಟರಾಗಿ ಅವರು ಅದನ್ನು ಎಣಿಸಬೇಕಾಗಿತ್ತು. ಎಣಿಸುವುದಕ್ಕೆ ಮೊದಲೇ ಹರಿದಿದ್ದರು.